ಮೊದಲ ಗಿರಾಕಿಯ ಕೈಗೆ



ಧಾರವಾಡದಲ್ಲಿ ದತ್ತಿ ಉಪನ್ಯಾಸಗಳಿಗೆ ಬರವಿಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಿಂದ ಹಿಡಿದು ಕಾಲೇಜುಗಳ ಸಭಾಂಗಣಗಳವರೆಗೆ ವರ್ಷವಿಡೀ ಸಾಹಿತ್ಯ, ಸಂಗೀತ, ಶಾಸನ, ಜಾನಪದದ ಮೇಲೆ ಮಾತು ನಡೆಯುತ್ತಲೇ ಇರುತ್ತದೆ. ಉದ್ಯಮ ಕಟ್ಟುವ ಬಗೆಯ ಮೇಲೆ ಒಂದು ಸಂಜೆ ಮಾತಾಡಿ ಎಂದು ಕರೆಯುವುದು ಅಪರೂಪ. ಈ ದತ್ತಿ ಉಪನ್ಯಾಸಕ್ಕೆ ಕರೆದದ್ದಕ್ಕೆ ಋಣಿ.

ಇವತ್ತಿನ ವಿಷಯ ಚಿಕ್ಕದು. ಹೊಸ ಉದ್ಯಮಕ್ಕೆ ಕೈಹಾಕಿದ ಹುಡುಗ ಹುಡುಗಿಯರು ಮೊಟ್ಟಮೊದಲು ಏನು ತಯಾರಿಸಬೇಕು, ಎಷ್ಟು ತಯಾರಿಸಬೇಕು, ಯಾರ ಕೈಗೆ ಕೊಡಬೇಕು ಎಂಬುದು. ಸ್ಟಾರ್ಟಪ್ ಮಂದಿ ಇದಕ್ಕೆ ಮಿನಿಮಮ್ ವಯಬಲ್ ಪ್ರಾಡಕ್ಟ್, ಮೊಟಕಾಗಿ ಎಂವಿಪಿ ಎನ್ನುತ್ತಾರೆ. 2001ರಲ್ಲಿ ಫ್ರಾಂಕ್ ರಾಬಿನ್ಸನ್ ಎಂಬ ಅಮೆರಿಕದ ಸಲಹೆಗಾರ ಈ ಹೆಸರಿಟ್ಟರು. 2011ರಲ್ಲಿ ಬಂದ ಎರಿಕ್ ರೀಸ್ ಅವರ ‘ದಿ ಲೀನ್ ಸ್ಟಾರ್ಟಪ್’ ಪುಸ್ತಕ ಅದನ್ನು ಜಗತ್ತಿನ ಮೂಲೆಮೂಲೆಗೂ ಮುಟ್ಟಿಸಿತು. ನಮ್ಮ ಹುಬ್ಬಳ್ಳಿಯ ವಿದ್ಯಾನಗರದ ಕ್ಯಾಂಟೀನುಗಳಲ್ಲಿಯೂ ಈಗ ಆ ಮೂರಕ್ಷರ ದಿನಾ ಕಿವಿಗೆ ಬೀಳುತ್ತದೆ.

ನಾನು ಅದನ್ನು ಅರ್ಥಮಾಡಿಕೊಂಡ ಬಗೆ ಹೀಗೆ. ಮನಸ್ಸಿನಲ್ಲಿರುವ ಪೂರ್ಣ ವಸ್ತುವನ್ನು ಕಟ್ಟಲು ಕೂಡುವ ಮೊದಲು, ಒಬ್ಬ ನಿಜವಾದ ಗಿರಾಕಿಯ ಒಂದೇ ಒಂದು ಕೆಲಸವನ್ನು ಪೂರ್ತಿಯಾಗಿ ಮಾಡಿಕೊಡುವ ಅತಿ ಸಣ್ಣ ವಸ್ತುವನ್ನೋ ಸೇವೆಯನ್ನೋ ಸಿದ್ಧಮಾಡಬೇಕು. ಅದಕ್ಕೊಂದು ಬೆಲೆ ಹೇಳಬೇಕು. ಅವನ ಕೈಗೆ ಕೊಡಬೇಕು. ಅವನು ಹಣ ಬಿಚ್ಚುತ್ತಾನೋ ಇಲ್ಲವೋ, ಎರಡನೇ ಸಲ ಕೇಳಿಕೊಂಡು ಬರುತ್ತಾನೋ ಇಲ್ಲವೋ ನೋಡಬೇಕು. ಇದರಲ್ಲಿ ಬೆಲೆ ಹೇಳುವ ಮಾತನ್ನು ಬಿಟ್ಟರೆ ಉಳಿಯುವುದು ವಿಜ್ಞಾನ ಮೇಳದ ಮಾದರಿ ಮಾತ್ರ.

ಇದು ಬೆಂಗಳೂರಿಗಿಂತ ನಮಗೆ ಹೆಚ್ಚು ಮುಖ್ಯ ಎಂದು ನಾನು ಏಕೆ ಒತ್ತಿ ಹೇಳುತ್ತೇನೆ ಎಂದರೆ, ಇಲ್ಲಿ ಮೊದಲ ಹೂಡಿಕೆ ಬರುವುದು ಮನೆಯಿಂದ. ಅಪ್ಪ ನಿವೃತ್ತರಾದಾಗ ಕೈಗೆ ಬಂದ ಗಂಟು, ಅವ್ವನ ಪಾಟ್ಲಿ ಬಿಲ್ವಾರ, ಊರಲ್ಲಿ ಉಳಿದ ನಾಲ್ಕು ಎಕರೆ ಹೊಲದ ಮೇಲೆ ಎತ್ತಿದ ಸಾಲ. ಹೂಡಿಕೆ ಸಂಸ್ಥೆಯವರು ನೂರು ಕಡೆ ಹಣ ಹಾಕಿ ತೊಂಬತ್ತು ಕಡೆ ಕಳೆದುಕೊಂಡರೂ ಲೆಕ್ಕ ಸರಿಹೋಗುತ್ತದೆ. ಒಂದು ಮನೆಯವರು ಹಾಕುವುದು ಒಂದೇ ಕಡೆ. ಆ ಹಣ ಎರಡು ವರ್ಷ ಕೋಣೆಯೊಳಗೆ ಕೂತು ಕಟ್ಟಿದ, ಯಾರೂ ಕೇಳದ ವಸ್ತುವಿಗೆ ಹೋದರೆ ತಂಗಿಯ ಮದುವೆ ನಿಲ್ಲುತ್ತದೆ, ತಮ್ಮನ ಓದು ನಿಲ್ಲುತ್ತದೆ. ಆದ್ದರಿಂದ ಮೊದಲ ಉತ್ಪನ್ನವನ್ನು ಸಣ್ಣದಾಗಿ ಇಡುವುದು ನಮ್ಮ ಕಡೆ ಮನೆತನದ ಬಗೆಗಿನ ಜವಾಬ್ದಾರಿ.

ಈ ಕಲೆ ನಮಗೆ ಹೊಸದಲ್ಲ ಎನ್ನುವುದಕ್ಕೆ ನಾನು ಕ್ಯಾಲಿಫೋರ್ನಿಯಾಕ್ಕೆ ಹೋಗುವುದಿಲ್ಲ. ಇಲ್ಲಿಂದ ಗದಗ ರಸ್ತೆ ಹಿಡಿದು ಅಣ್ಣಿಗೇರಿಗೆ ಹೋಗೋಣ. ಪಂಪನ ಹೆಸರಿನೊಂದಿಗೆ ನಾವು ನೆನೆಯುವ ಊರು. ಅಲ್ಲಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ರೈತರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಯೇ ಹಿಗ್ಗಿತು. ಅವರ ಮೊದಲ ಆವಿಷ್ಕಾರದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಬೆಳಿಗ್ಗೆ ಏಳುವುದು ಅವರಿಗೆ ಕಷ್ಟವಾಗಿತ್ತು. ಅಲಾರಾಂ ಬಾರಿಸಿದರೂ ಎಚ್ಚರವಾಗುತ್ತಿರಲಿಲ್ಲ. ಗಡಿಯಾರದ ಅಲಾರಾಂ ಕೀಲಿಗೆ ಒಂದು ದಾರ ಕಟ್ಟಿದರು. ದಾರದ ಇನ್ನೊಂದು ತುದಿ ನೀರು ತುಂಬಿದ ಬಾಟಲಿಗೆ. ಅಲಾರಾಂ ಬಾರಿಸುವಾಗ ಕೀಲಿ ತಿರುಗುತ್ತದೆಯಷ್ಟೇ, ಆ ತಿರುಗಾಟದಲ್ಲಿ ದಾರ ಸುತ್ತಿಕೊಂಡು ಬಾಟಲಿ ಬಾಗುತ್ತದೆ, ಮುಖದ ಮೇಲೆ ನೀರು ಸುರಿಯುತ್ತದೆ. ಮುಗಿಯಿತು. ಹೊಸ ಗಡಿಯಾರ ಮಾಡಲು ಹೋಗಲಿಲ್ಲ. ಮನೆಯಲ್ಲಿದ್ದ ಗಡಿಯಾರ, ಮನೆಯಲ್ಲಿದ್ದ ಬಾಟಲಿ, ಒಂದು ಮೊಳ ದಾರ. ಕೆಲಸ ಆಯಿತೋ ಇಲ್ಲವೋ ಎಂಬುದು ಮರುದಿನ ನಸುಕಿನಲ್ಲೇ ಗೊತ್ತಾಗುತ್ತದೆ. ಮೊದಲ ಉತ್ಪನ್ನದ ಗುಣ ಪೂರ್ತಿ ಇದರಲ್ಲಿದೆ: ಒಬ್ಬ ಬಳಕೆದಾರ, ಒಂದು ಕೆಲಸ, ತಕ್ಷಣದ ಉತ್ತರ.

ಮುಂದೆ ಅವರ ಹೊಲದ ಕಥೆ. ಬಾವಿಯ ನೀರು ಸವಳು. ಬೇರೆ ಹಣ್ಣಿನ ಗಿಡಗಳು ಕೈಕೊಟ್ಟವು, ಹುಣಸೆ ತಾಳಿಕೊಂಡಿತು. ಅದನ್ನೇ ಹೆಚ್ಚಿಸಿದರು. ಜನ ‘ಹುಣಸೆ ಹುಚ್ಚ’ ಎಂದರು. ಹಣ್ಣು ಬಂತು, ಉಪ್ಪಿನಕಾಯಿ ಮಾಡಿ ಮಾರತೊಡಗಿದರು. ಅಲ್ಲಿ ನಿಜವಾದ ತೊಡಕು ಕಂಡಿತು: ಹುಣಸೆಯಿಂದ ಬೀಜ ಬೇರ್ಪಡಿಸುವ ಕೆಲಸ. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬೇಸಗೆಯ ಮಧ್ಯಾಹ್ನಗಳನ್ನೆಲ್ಲ ಕಟ್ಟೆಯ ಮೇಲೆ ಕೂತು ಹುಣಸೆ ಕುಟ್ಟುವುದರಲ್ಲಿ ಕಳೆಯುವುದನ್ನು ಕಂಡವರಿಗೆ ಆ ಬೇಸರ ಗೊತ್ತು. ನಡಕಟ್ಟಿನ ಅವರು ಬೀಜ ಬಿಡಿಸುವ ಯಂತ್ರ ಮಾಡಿದರು, ಆಮೇಲೆ ಹುಣಸೆ ಹೆಚ್ಚುವ ಯಂತ್ರ ಮಾಡಿದರು. ಈ ಅನುಕ್ರಮವನ್ನು ಗಮನಿಸಬೇಕು. ಮೊದಲು ಗಿಡ, ಆಮೇಲೆ ಸರಕು, ಸರಕು ಮಾರುವಾಗ ಎದುರಾದ ತೊಡಕು, ಕೊನೆಗೆ ಯಂತ್ರ. ಎಂಜಿನಿಯರಿಂಗ್ ಮುಗಿಸಿದ ನಮ್ಮ ಹುಡುಗರು ಬಹುತೇಕ ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಕೈಯಲ್ಲಿ ಸೆನ್ಸರ್ ಇದೆ, ಅದಕ್ಕೊಂದು ತೊಡಕು ಹುಡುಕಿಕೊಂಡು ಹೊರಡುತ್ತಾರೆ.

ಅವರಿಗೆ ಹೆಚ್ಚು ಹೆಸರು ತಂದದ್ದು ಕೂರಿಗೆ. ನಮ್ಮ ಹಳೆಯ ಕೂರಿಗೆಯಲ್ಲಿ ಮರದ ಬಟ್ಟಲಿಗೆ ಒಬ್ಬರು ಮುಷ್ಟಿಯಿಂದ ಬೀಜ ಬಿಡುತ್ತ ನಡೆಯುತ್ತಾರೆ. ಬಿದಿರಿನ ಕೊಳವೆಗಳಲ್ಲಿ ಅದು ಸಾಲಿಗೆ ಇಳಿಯುತ್ತದೆ. ಬಿತ್ತನೆಯ ಹದವೆಲ್ಲ ಆ ಬೆರಳುಗಳಲ್ಲಿ. ಬೆಳಿಗ್ಗೆ ಬಿಟ್ಟ ಕೈ ಸಂಜೆಗೆ ದಣಿಯುತ್ತದೆ. ಒಂದು ಕಡೆ ಗಿಡ ಒತ್ತಾಗಿ ಏಳುತ್ತವೆ, ಇನ್ನೊಂದು ಕಡೆ ಸಾಲೇ ಬಯಲು. ನಡಕಟ್ಟಿನ ಅವರು ಟ್ರ್ಯಾಕ್ಟರಿಗೆ ಜೋಡಿಸುವ, ಬೀಜ ಗೊಬ್ಬರ ಎರಡನ್ನೂ ಅಳತೆಯಲ್ಲಿ ಹಾಕುವ ಕೂರಿಗೆ ಮಾಡಿದರು. ಅದು ಸುತ್ತಲಿನ ರೈತರ ಹೊಲಗಳಿಗೆ ಹೋಯಿತು. ಆಳದ ಉಳುಮೆಗೆ ಬೇಕಾದ ಬ್ಲೇಡು ತಯಾರಿಸುವ ಯಂತ್ರ, ನೀರು ಕಾಯಿಸುವ ಬಾಯ್ಲರ್, ಕಬ್ಬು ನಾಟಿ ಮಾಡುವ ಯಂತ್ರ ಇವೆಲ್ಲ ಅವರ ಅಣ್ಣಿಗೇರಿಯ ವಿಶ್ವಶಾಂತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದವು. 2015ರಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೀವಮಾನ ಸಾಧನೆಯ ಗೌರವ ಅವರಿಗೆ ಸಂದಿತು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ತನಗೆ ತಾನೇ ಮೊದಲ ಗಿರಾಕಿಯಾದವನಿಗೆ ಒಂದು ಅನುಕೂಲವಿದೆ, ವಸ್ತು ಕೆಲಸ ಮಾಡುತ್ತದೆಯೇ ಎಂಬ ಉತ್ತರ ಬೇಗ ಸಿಗುತ್ತದೆ. ಅದು ಮಾರಾಟವಾಗುತ್ತದೆಯೇ ಎಂಬ ಉತ್ತರ ಮಾತ್ರ ಪಕ್ಕದ ಹೊಲದವನಿಂದಲೇ ಬರಬೇಕು. ಇವೆರಡು ಬೇರೆ ಬೇರೆ ಪರೀಕ್ಷೆ. ಒಂದನ್ನು ಗೆದ್ದವರು ಇನ್ನೊಂದನ್ನೂ ಗೆದ್ದೆವೆಂದು ತಿಳಿಯಬಾರದು.

ಆ ಎರಡನೆಯ ಪರೀಕ್ಷೆ ಎಷ್ಟು ಕಠಿಣ ಎನ್ನುವುದಕ್ಕೆ ಬೆಳಗಾವಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ಸಾಕ್ಷಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಮನುಷ್ಯ. ಆಮೇಲೆ ಮೇವು ಕತ್ತರಿಸುವ ಯಂತ್ರ, 1903ರ ಹೊತ್ತಿಗೆ ಕಬ್ಬಿಣದ ನೇಗಿಲು. ನೇಗಿಲು ಒಳ್ಳೆಯದಿತ್ತು. ಆದರೆ ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎಂಬುದು ಆ ಮನೆತನದ ಪ್ರಸಿದ್ಧ ಕಥೆ. ಇದರಿಂದ ಕೆಲವರು ‘ಹಟ ಬಿಡಬಾರದು’ ಎಂಬ ಪಾಠ ತೆಗೆಯುತ್ತಾರೆ. ನನಗೆ ಕಾಣುವುದು ಬೇರೆ. ಆ ಎರಡು ವರ್ಷ ಅವರು ಬದುಕಿ ಉಳಿದದ್ದು ಕೈಯಲ್ಲಿ ಬೇರೆ ದುಡಿಮೆ ಇದ್ದದ್ದರಿಂದ. ಇದ್ದ ಬಂಡವಾಳವನ್ನೆಲ್ಲ ನೇಗಿಲಿಗೇ ಸುರಿದಿದ್ದರೆ ಮೊದಲ ಗಿರಾಕಿ ಬರುವ ಹೊತ್ತಿಗೆ ಅಂಗಡಿ ಇರುತ್ತಿರಲಿಲ್ಲ. ರೈತನ ಅಂಜಿಕೆ ಎಷ್ಟು ದಿನಕ್ಕೆ ಕರಗುತ್ತದೆ ಎಂದು ಯಾವ ಎಂಜಿನಿಯರನೂ ಮುಂಚೆ ಲೆಕ್ಕ ಹಾಕಲಾರ. ಅದಕ್ಕೇ ಕಾಯುವ ಕಾಲ ಅಗ್ಗವಾಗಿರಬೇಕು.

ಸಣ್ಣದಾಗಿ ಶುರುಮಾಡಿ ಕಲಿಯುವುದಕ್ಕೆ ಇನ್ನೊಂದು ಉದಾಹರಣೆ ವಿಜಯ ಸಂಕೇಶ್ವರ, ಅವರ ಹೆಸರನ್ನು ಹುಬ್ಬಳ್ಳಿಯಲ್ಲಿ ವಿವರಿಸಬೇಕಿಲ್ಲ. 1976ರಲ್ಲಿ ಗದಗಿನಲ್ಲಿ ಒಂದು ಲಾರಿ, ಅಷ್ಟೇ. ಮನೆಯ ಮುದ್ರಣದ ವ್ಯವಹಾರ ಬಿಟ್ಟು ಸಾಗಾಟಕ್ಕೆ ಇಳಿದವರು ಆ ಒಂದೇ ಲಾರಿಯಿಂದ ಬಾಡಿಗೆ, ಡೀಸೆಲ್, ಡ್ರೈವರು, ಚೆಕ್‌ಪೋಸ್ಟು, ಬಾಕಿ ವಸೂಲಿ ಎಲ್ಲವನ್ನೂ ಕಲಿತು ಹುಬ್ಬಳ್ಳಿಗೆ ಬಂದರು. ಇಂದು ವಿಆರ್‌ಎಲ್ ಎಂಬ ಅವರ ಸಂಸ್ಥೆಯ ಲಾರಿಗಳು ಸಾವಿರಾರು.

ಈಗ ನಮ್ಮ ಕಾಲಕ್ಕೆ ಬರೋಣ. ಒಂದು ಊಹೆಯ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಇಂಥದೇ ಯೋಜನೆ ಹೊತ್ತು ಬರುವ ತಂಡಗಳನ್ನು ನಾನು ಮೇಲಿಂದ ಮೇಲೆ ಕಾಣುತ್ತೇನೆ. ಇಬ್ಬರು ಗೆಳತಿಯರು. ಇಬ್ಬರೂ ಕಂಪ್ಯೂಟರ್ ಸೈನ್ಸ್ ಓದಿದವರು, ಇಬ್ಬರ ಮನೆಯೂ ಕುಂದಗೋಳ ಕಡೆ. ಟ್ರ್ಯಾಕ್ಟರ್ ಬಾಡಿಗೆಗೆ ಒಂದು ಆ್ಯಪ್ ಮಾಡಬೇಕು. ರೈತ ಮೊಬೈಲಿನಲ್ಲಿ ಒತ್ತಿದರೆ ಹತ್ತಿರದ ಟ್ರ್ಯಾಕ್ಟರ್ ಬರಬೇಕು. ಸರಕಾರದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿದ್ದರೂ ಹಂಗಾಮಿನಲ್ಲಿ ಸಾಲುವುದಿಲ್ಲ, ಹೀಗಾಗಿ ಬೇಡಿಕೆ ಇದೆ ಎಂಬುದು ಅವರ ನಂಬಿಕೆ. ನಕ್ಷೆ, ಆನ್‌ಲೈನ್ ಪಾವತಿ, ಡ್ರೈವರಿಗೆ ನಕ್ಷತ್ರ ಕೊಡುವ ವ್ಯವಸ್ಥೆ, ಕನ್ನಡ ಮರಾಠಿ ಎರಡೂ ಭಾಷೆ. ಕಟ್ಟಲು ಎಂಟು ತಿಂಗಳು ಬೇಕು ಎಂದು ಹಾಕಿಕೊಂಡಿದ್ದಾರೆ.

ನಾನು ಅವರಿಗೆ ಹೇಳುವುದು ಇಷ್ಟೆ. ಆ್ಯಪ್ ಬೇಡ. ಒಂದು ಹೊಸ ಸಿಮ್, ಒಂದು ಗೆರೆ ಹಾಕಿದ ನೋಟ್‌ಬುಕ್ಕು ತಗೊಳ್ಳಿ. ಒಂದೇ ಊರು ಹಿಡಿಯಿರಿ. ನಾಲ್ಕು ಟ್ರ್ಯಾಕ್ಟರ್ ಮಾಲೀಕರನ್ನು ಒಪ್ಪಿಸಿ. ಗುಡಿಯ ಕಟ್ಟೆ, ಹಾಲಿನ ಡೇರಿ, ಗಿರಣಿಯ ಹತ್ತಿರ ಫೋನ್ ನಂಬರ್ ಬರೆದ ಚೀಟಿ ಅಂಟಿಸಿ. ಹಿಂಗಾರಿ ಬಿತ್ತನೆಯ ಒಂದೇ ಹಂಗಾಮು ನಡೆಸಿ ನೋಡಿ. ಯಾರು ಫೋನ್ ಮಾಡಿದರು, ಯಾವ ದಿನ, ಎಷ್ಟು ಹೊತ್ತಿಗೆ, ರೋಟಾವೇಟರ್ ಕೇಳಿದರೋ ಕೂರಿಗೆ ಕೇಳಿದರೋ, ತಾಸಿನ ಲೆಕ್ಕವೋ ಎಕರೆಯ ಲೆಕ್ಕವೋ, ಹಣ ಯಾವಾಗ ಕೊಟ್ಟರು, ಎಲ್ಲವನ್ನೂ ಕೈಯಿಂದ ಬರೆಯಿರಿ.

ಏನು ಕಾಣುತ್ತದೆ ಗೊತ್ತೆ? ಕುಂದಗೋಳ, ನವಲಗುಂದ, ಅಣ್ಣಿಗೇರಿ ಇವೆಲ್ಲ ಎರೆ ಭೂಮಿ. ಮಳೆ ಬಿದ್ದರೆ ನಾಲ್ಕಾರು ದಿನ ಆ ಮಣ್ಣಿಗೆ ಯಾರೂ ಕಾಲಿಡಲಾಗದು, ಟ್ರ್ಯಾಕ್ಟರಿನ ಗಾಲಿ ಹೂತುಹೋಗುತ್ತದೆ. ಫೋನ್ ಸುಮ್ಮನಿರುತ್ತದೆ. ಆಮೇಲೆ ಹದ ಬರುತ್ತದೆ. ಆ ಒಂದು ಮುಂಜಾನೆ ಊರಿನ ಅಷ್ಟೂ ಮಂದಿ ಒಟ್ಟಿಗೇ ಫೋನ್ ಮಾಡುತ್ತಾರೆ. ಹದ ಹೋದರೆ ಮತ್ತೆ ಬರುವುದಿಲ್ಲ, ಮಣ್ಣು ಬಿರಿಯುತ್ತದೆ, ಕಡಲೆಯೂ ಇಲ್ಲ ಜೋಳವೂ ಇಲ್ಲ. ಆ ಎರಡು ದಿನ ನಾಲ್ಕೂ ಟ್ರ್ಯಾಕ್ಟರಿನ ಮಾಲೀಕರು ಮೊದಲು ತಮ್ಮ ಹೊಲ ಬಿತ್ತುತ್ತಾರೆ, ಆಮೇಲೆ ಅಣ್ಣತಮ್ಮಂದಿರದು, ಆಮೇಲೆ ಬೀಗರದು. ಬಾಡಿಗೆಯವನ ಪಾಳಿ ಬರುವ ಹೊತ್ತಿಗೆ ಹದ ಮುಗಿದಿರುತ್ತದೆ.

ಅಂದರೆ ರೈತನಿಗೆ ಟ್ರ್ಯಾಕ್ಟರ್ ಎಲ್ಲಿದೆ ಎಂಬುದು ಗೊತ್ತಿಲ್ಲದಿರುವುದು ತೊಡಕಲ್ಲ. ಅದು ಯಾರ ಅಂಗಳದಲ್ಲಿ ನಿಂತಿದೆ ಎಂದು ಊರಿನ ಕೂಸಿಗೂ ಗೊತ್ತು. ತೊಡಕಿರುವುದು ಆ ಎರಡು ದಿನಕ್ಕೆ ಟ್ರ್ಯಾಕ್ಟರೇ ಸಾಲದಿರುವುದರಲ್ಲಿ. ಎಂಟು ತಿಂಗಳು ಕೂತು ಕಟ್ಟಿದ ನಕ್ಷೆ ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಿತ್ತು. ಆದರೆ ನೋಟ್‌ಬುಕ್ಕು ಇನ್ನೊಂದು ದಾರಿಯನ್ನೂ ತೋರಿಸುತ್ತದೆ. ನಮ್ಮದೇ ಜಿಲ್ಲೆಯ ಪಡುವಣ ಭಾಗ, ಕಲಘಟಗಿ, ಅಳ್ನಾವರ, ಅರೆಮಲೆನಾಡು. ಅಲ್ಲಿ ಮಣ್ಣು ಬೇರೆ, ಭತ್ತದ ಸೀಮೆ, ಬಿತ್ತನೆಯ ಕಾಲವೂ ಬೇರೆ. ಮೂಡಣದ ಎರೆಯಲ್ಲಿ ಹಿಂಗಾರಿಯ ಹದ ಬಂದ ದಿನ ಅಲ್ಲಿಯ ಕೆಲವು ಟ್ರ್ಯಾಕ್ಟರುಗಳಾದರೂ ಬಿಡುವಾಗಿರಬಹುದಲ್ಲವೆ? ಅವನ್ನು ಮೂರು ದಿನದ ಮಟ್ಟಿಗೆ ಇತ್ತ ತಂದರೆ? ಡ್ರೈವರಿಗೆ ಊಟ ವಸತಿ ಯಾರದು, ಬಂದುಹೋಗುವ ಡೀಸೆಲ್ ಯಾರ ಮೇಲೆ, ಹದ ಬರುವುದನ್ನು ಎರಡು ದಿನ ಮುಂಚೆ ಹೇಗೆ ಊಹಿಸುವುದು? ಇವು ಉದ್ಯಮದ ನಿಜವಾದ ಪ್ರಶ್ನೆಗಳು. ಮುಂದಿನ ಹಂಗಾಮಿಗೆ ಐದು ಟ್ರ್ಯಾಕ್ಟರ್ ತಂದು ಅದನ್ನೂ ಪರೀಕ್ಷಿಸಬಹುದು. ಆಗಲೂ ಆ್ಯಪ್ ಬೇಕಿಲ್ಲ. ಫೋನ್ ಎತ್ತಲು ಇಬ್ಬರಿಗೂ ಕೈ ಸಾಲದಂತಾದ ದಿನ ಆ್ಯಪ್ ಕಟ್ಟಲು ಕೂಡಲಿ.

ಹೀಗೆ ಮೊದಲಿಗೆ ಕೈಯಿಂದ ನಡೆಸಿ ನೋಡುವುದು ಹೊರಗಿನ ಜಗತ್ತಿನಲ್ಲೂ ನಡೆದದ್ದೇ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನಿಕ್ ಸ್ವಿನ್‌ಮರ್ನ್ ಎಂಬ ತರುಣ ಊರಿನ ಚಪ್ಪಲಿ ಅಂಗಡಿಗಳಿಗೆ ಹೋಗಿ ಬೂಟುಗಳ ಫೋಟೊ ತೆಗೆದು ಇಂಟರ್‌ನೆಟ್ಟಿನಲ್ಲಿ ಹಾಕಿದ. ಆರ್ಡರ್ ಬಂದರೆ ಅದೇ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡು ಅಂಚೆಯಲ್ಲಿ ಕಳಿಸಿದ. ಲಾಭವಿಲ್ಲ. ಆದರೆ ಕಾಲಿಗೆ ಹಾಕಿ ನೋಡದೆ ಜನ ಬೂಟು ಕೊಳ್ಳುತ್ತಾರೆಯೇ ಎಂಬ ಒಂದೇ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದೇ ಝಾಪೋಸ್ ಕಂಪನಿ, 2009ರಲ್ಲಿ ಅಮೆಜಾನ್ ಕೊಂಡಿತು. ಹುಬ್ಬಳ್ಳಿ ಬೆಂಗಳೂರು ರಾತ್ರಿ ಬಸ್ಸಿಗೆ ನಾವೆಲ್ಲ ಟಿಕೆಟ್ ತೆಗೆಯುವ ರೆಡ್‌ಬಸ್ 2006ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಫಣೀಂದ್ರ ಸಾಮ ಮತ್ತು ಗೆಳೆಯರ ಮೊದಲ ಯೋಜನೆ ಬಸ್ ಮಾಲೀಕರಿಗೆ ಸಾಫ್ಟ್‌ವೇರ್ ಕೊಡುವುದಾಗಿತ್ತು. ಮಾಲೀಕರು ಒಲ್ಲೆ ಎಂದರು. ಹಾಗಾದರೆ ಕೆಲವು ಸೀಟು ಕೊಡಿ, ನಾವು ಮಾರಿಕೊಡುತ್ತೇವೆ ಎಂದರು ಇವರು. ಆ ಒಲ್ಲೆ ಎಂಬ ಮಾತೇ ಅವರ ಉದ್ಯಮದ ದಿಕ್ಕು ತಿದ್ದಿತು.

ಸೌರದೀಪ ಒದಗಿಸುವ ಸೆಲ್ಕೋ ಸಂಸ್ಥೆಯ ಹರೀಶ್ ಹಂದೆ ಅವರು ಹೇಳುವ ಪ್ರಸಂಗವೊಂದು ನನಗೆ ಇನ್ನೂ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಬೀದಿಬದಿಯ ವ್ಯಾಪಾರಿಯೊಬ್ಬರಿಗೆ ಸೌರದೀಪಕ್ಕೆ ತಿಂಗಳಿಗೆ 300 ರೂಪಾಯಿ ಎಂದರೆ ದುಬಾರಿ, ದಿನಕ್ಕೆ 10 ರೂಪಾಯಿ ಎಂದರೆ ಆದೀತು. ಲೆಕ್ಕ ಒಂದೇ. ಆದರೆ ದಿನದ ದುಡಿಮೆಯಲ್ಲಿ ಬದುಕುವವರ ಕೈಯಲ್ಲಿ ತಿಂಗಳ ಕೊನೆಗೆ 300 ರೂಪಾಯಿ ಕೂಡಿರುವುದಿಲ್ಲ. 1995ರಲ್ಲಿ ಶುರುವಾದ ಆ ಸಂಸ್ಥೆ ದೀಪದಷ್ಟೇ ಶ್ರಮವನ್ನು ಹಣ ಕಟ್ಟುವ ಬಗೆಗೂ ಹಾಕಿತು. ನಮ್ಮಲ್ಲಿ ‘ಸುಗ್ಗಿ ಆದ ಮ್ಯಾಲೆ ಕೊಡ್ತೀನಿ’ ಎನ್ನುವ ರೈತನಿಗೂ ಇದೇ ನ್ಯಾಯ. ಮೊದಲ ಉತ್ಪನ್ನದಲ್ಲಿ ಪರೀಕ್ಷೆಗೆ ಒಡ್ಡಬೇಕಾದ್ದು ಯಂತ್ರವೋ ಹಣ ಕೊಡುವ ಗಡುವೋ ಎಂಬುದನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು.

ಇನ್ನು ನಮ್ಮ ಊರಿನದೇ ಒಂದು ತೊಡಕು. ನಮ್ಮ ಮಂದಿ ದೊಡ್ಡ ಮನಸ್ಸಿನವರು. ಮನೆಗೆ ಬಂದ ಹುಡುಗನ ಮುಖ ಮುರಿಯುವುದಿಲ್ಲ. ಹೊಸ ಯಂತ್ರ ಹೊತ್ತುಕೊಂಡು ಹೋದರೆ ಚಹಾ ಕೊಟ್ಟು, ಮೊಮ್ಮಗನನ್ನೂ ಕರೆದು ತೋರಿಸಿ, ಬೆನ್ನು ತಟ್ಟಿ ಕಳಿಸುತ್ತಾರೆ. ಆ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ.

‘ಹೆಂಗನ್ನಿಸ್ತರಿ ಕಾಕಾ?’

‘ಭಾಳ ಛಲೋ ಮಾಡಿ ತಮ್ಮಾ. ಇಂಥಾದ್ದು ಬೇಕಾಗಿತ್ತು ನೋಡು ನಮ್ಮ ಮಂದಿಗೆ.’

‘ಹಂಗಾರ ನಿಮ್ಮ ಹೆಸರೀಲೆ ಒಂದು ಬರಕೊಳ್ಳಲೇನ್ರಿ? ಈಗ ಐದುನೂರು ಕೊಡ್ರಿ, ಉಳಿದದ್ದು ಯಂತ್ರಾ ಬಂದ ಮ್ಯಾಲೆ.’

‘ಈಗ ಬ್ಯಾಡಪಾ. ಮುಂದಿನ ಹಂಗಾಮಕ್ಕ ನೋಡೂಣಂತ.’

ಮೊದಲ ಉತ್ತರವನ್ನು ಬರೆದುಕೊಂಡು ‘ನೂರು ರೈತರಲ್ಲಿ ತೊಂಬತ್ತು ಮಂದಿ ಮೆಚ್ಚಿದರು’ ಎಂದು ವರದಿ ಮಾಡುವ ತಂಡಗಳು ಬಹಳ. ಎರಡನೇ ಪ್ರಶ್ನೆ ಕೇಳಲು ಸಂಕೋಚ. ಕಾಕಾನ ಹತ್ತಿರ ದುಡ್ಡು ಕೇಳುವುದು ಹೇಗೆ? ಆದರೆ ಐದುನೂರು ರೂಪಾಯಿಯ ಆ ಪ್ರಶ್ನೆ ಕೇಳಿದಾಗಲೇ ಮಾತು ನಿಜವಾಗಿ ಶುರುವಾಗುವುದು. ‘ಏನ್ ಕಡಿಮಿ ಆಗೇದರಿ ಕಾಕಾ, ಹೇಳ್ರಿ’ ಎಂದು ಕೂತರೆ ಅವರು ಹೇಳುತ್ತಾರೆ: ಭಾರ ಹೆಚ್ಚು, ಮನೆಯ ಹೆಣ್ಣುಮಕ್ಕಳಿಂದ ಎತ್ತಲಾಗುವುದಿಲ್ಲ. ಕೆಟ್ಟರೆ ರಿಪೇರಿಗೆ ಹುಬ್ಬಳ್ಳಿಗೆ ಒಯ್ಯಬೇಕು. ಊರಲ್ಲಿ ಹಗಲು ತ್ರೀ ಫೇಸ್ ಕರೆಂಟು ಇರುವುದು ಕೆಲವೇ ತಾಸು. ಈ ಒಂದೊಂದು ಮಾತೂ ತಿಂಗಳ ಸಂಬಳದಷ್ಟು ಬೆಲೆಬಾಳುತ್ತದೆ. ಗೌರವದಿಂದ ಹಣ ಕೇಳುವುದನ್ನು ನಮ್ಮ ಹುಡುಗರಿಗೆ ಕಲಿಸಲೇಬೇಕು. ಅದು ಕಾಕಾನ ಸಮಯಕ್ಕೂ ಕೊಡುವ ಮರ್ಯಾದೆ.

ಸಣ್ಣದು ಎಂದರೆ ಕಳಪೆ ಎಂದು ತಿಳಿಯುವವರೂ ಇದ್ದಾರೆ, ಅದರ ಬಗ್ಗೆ ನನಗೆ ಕಳವಳವಿದೆ. ಹಾಲಿನ ಡೇರಿಗೆ ಫ್ಯಾಟ್ ಅಳೆಯುವ ಯಂತ್ರ ಮಾಡುತ್ತೀರಿ ಎನ್ನೋಣ. ಬಣ್ಣದ ಪರದೆ ಬೇಡ, ಚೀಟಿ ಮುದ್ರಿಸುವುದು ಬೇಡ, ಮೊಬೈಲಿಗೆ ಸಂದೇಶ ಬೇಡ, ಪೆಟ್ಟಿಗೆ ತಗಡಿನದೇ ಇರಲಿ. ಅಳತೆಯಲ್ಲಿ ಮಾತ್ರ ಒಂದು ಕೂದಲೆಳೆ ಬಿಡುವಂತಿಲ್ಲ. ನಸುಕಿನಲ್ಲಿ ಎದ್ದು ಎರಡು ಎಮ್ಮೆ ಕರೆದು ಹಾಲು ತಂದ ತಾಯಿಯ ದುಡ್ಡು ಆ ಅಂಕಿಯ ಮೇಲೆ ನಿಂತಿದೆ. ಅಂಕಿ ಒಮ್ಮೆ ತಪ್ಪಿದರೆ ಆ ಊರು ನಿಮ್ಮನ್ನು ಮತ್ತೆ ನಂಬುವುದಿಲ್ಲ, ನಂಬಬಾರದು ಕೂಡ. ಆಸ್ಪತ್ರೆಯ ಸಾಧನಗಳಿಗಂತೂ 2017ರ ವೈದ್ಯಕೀಯ ಸಾಧನ ನಿಯಮಗಳ ಕಟ್ಟುಪಾಡಿದೆ. ಅಲ್ಲಿ ರೋಗಿಯ ಮೇಲೆ ‘ಮೊದಲು ಹಾಕಿ ನೋಡೋಣ’ ಎಂಬ ಮಾತೇ ಇಲ್ಲ. ಔಷಧ ಸಿಂಪಡಿಸುವ ಡ್ರೋನು, ಬ್ರೇಕು, ಬ್ಯಾಟರಿ ಇವೂ ಅದೇ ಸಾಲಿನವು. ಕಡಿಮೆ ಮಾಡಬೇಕಾದ್ದು ಕೆಲಸಗಳ ಸಂಖ್ಯೆಯನ್ನು. ಉಳಿಸಿಕೊಂಡ ಒಂದು ಕೆಲಸ ಪೂರ್ತಿ ನೆಟ್ಟಗಿರಬೇಕು.

ಅನುಕೂಲಗಳ ಮಾತಿಗೆ ಬಂದರೆ, ಇಪ್ಪತ್ತು ವರ್ಷದ ಹಿಂದಿನ ಹುಬ್ಬಳ್ಳಿ-ಧಾರವಾಡ ಇದಲ್ಲ. 1947ರಲ್ಲಿ ಶುರುವಾದ ಬಿವಿಬಿ ಎಂಜಿನಿಯರಿಂಗ್ ಕಾಲೇಜು 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ತನ್ನದೇ ಉದ್ಯಮ ಕೇಂದ್ರ ನಡೆಸುತ್ತಿದೆ. ನಮ್ಮೂರಿನವರೇ ಆದ ಗುರುರಾಜ ದೇಶಪಾಂಡೆ ಮತ್ತು ಜಯಶ್ರೀ ದೇಶಪಾಂಡೆ ಅವರ ಪ್ರತಿಷ್ಠಾನದಿಂದ ವಿಮಾನ ನಿಲ್ದಾಣದ ಹತ್ತಿರ ದೇಶಪಾಂಡೆ ಸ್ಟಾರ್ಟಪ್ಸ್‌ನ ದೊಡ್ಡ ಕೇಂದ್ರ 2018ರಿಂದ ನಡೆದಿದೆ. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು. ಕೃಷಿ ವಿಶ್ವವಿದ್ಯಾಲಯ 1986ರಿಂದಲೇ ಇದೆ. ಆದರೆ ನನ್ನ ಕಣ್ಣಿಗೆ ಇವೆಲ್ಲಕ್ಕಿಂತ ದೊಡ್ಡ ಆಸ್ತಿ ಬೇರೆ. ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ಲೇಥ್ ಮುಂದೆ ನಿಂತ ಮೇಸ್ತ್ರಿಗಳು. ರೈಲ್ವೆ ವರ್ಕ್‌ಶಾಪಿನ ಪರಂಪರೆ, ವಾಲ್ವ್ ತಯಾರಿಕೆಯಲ್ಲಿ ಹುಬ್ಬಳ್ಳಿ ಗಳಿಸಿದ ಹೆಸರು, ಇವು ಆ ಕೈಗಳಿಗೆ ಬಂದ ಹದ. ಬೆಳಿಗ್ಗೆ ಕಾಗದದ ಮೇಲೆ ಗೀಚಿದ ಭಾಗವನ್ನು ಸಂಜೆಗೆ ಕಬ್ಬಿಣದಲ್ಲಿ ಮಾಡಿಸಿಕೊಂಡು, ಮರುದಿನ ಅಮರಗೋಳದ ಎಪಿಎಂಸಿಗೋ ನೂಲ್ವಿಯ ಹೊಲಕ್ಕೋ ಒಯ್ಯಬಹುದು. ಮಾಡುವ ಕೈ, ಬಳಸುವ ಕೈ ಇಷ್ಟು ಹತ್ತಿರ ಇರುವ ಊರುಗಳು ಬಹಳ ಇಲ್ಲ.

ಹಣವೂ ಇದೆ. ಕೇಂದ್ರದ ನಿಧಿ-ಪ್ರಯಾಸ್ ಯೋಜನೆಯಲ್ಲಿ ಮೂಲಮಾದರಿಗೆ 10 ಲಕ್ಷ ರೂಪಾಯಿವರೆಗೆ, ರಾಜ್ಯದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಸಹಾಯ ಸಿಗುತ್ತದೆ. ಮನೆಯ ಬಂಗಾರ ಅಡವಿಡುವ ಬದಲು ಈ ಹಣ ಪಡೆಯುವುದು ಸಾವಿರ ಪಾಲು ಮೇಲು, ತಪ್ಪದೆ ಅರ್ಜಿ ಹಾಕಿರಿ. ಆದರೆ ಅನುದಾನ ಬಂದ ತಂಡದಲ್ಲಿ ಒಂದು ಬದಲಾವಣೆಯನ್ನು ನೋಡುತ್ತೇನೆ. ಅವರು ಮೆಚ್ಚಿಸಬೇಕಾದವರು ಆಯ್ಕೆ ಸಮಿತಿಯವರಾಗಿಬಿಡುತ್ತಾರೆ. ಸಮಿತಿಗೆ ಸ್ಲೈಡುಗಳು ಬೇಕು, ಪೇಟೆಂಟ್ ಅರ್ಜಿ ಬೇಕು, ಹತ್ತು ಸೌಲಭ್ಯಗಳ ಪಟ್ಟಿ ಬೇಕು. ಒಂದು ಅನುದಾನ ಮುಗಿಯುವ ಹೊತ್ತಿಗೆ ಇನ್ನೊಂದಕ್ಕೆ ತಯಾರಿ. ಮೂಲಮಾದರಿ ಪ್ರತಿ ವರ್ಷ ಚೆಂದವಾಗುತ್ತ ಹೋಗುತ್ತದೆ, ಗಿರಾಕಿ ಒಬ್ಬನೂ ಇರುವುದಿಲ್ಲ. ಇದಕ್ಕೆ ಹುಡುಗರನ್ನಷ್ಟೇ ದೂರುವುದು ನ್ಯಾಯವಲ್ಲ. ಸಮಿತಿಗಳಲ್ಲಿ ಕೂಡುವ ನಮ್ಮಂಥವರು ‘ಇಲ್ಲಿಯವರೆಗೆ ಯಾರಾದರೂ ಹಣ ಕೊಟ್ಟು ಕೊಂಡಿದ್ದಾರೆಯೇ, ಅವರ ಜೊತೆ ಮಾತಾಡಬಹುದೇ’ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು, ಕೊನೆಗಲ್ಲ. ಕೊಂಡವರು ಮೂವರೇ ಇದ್ದರೂ ಸರಿ, ಆ ಮೂವರಿಗೆ ಹತ್ತು ಸ್ಲೈಡಿಗಿಂತ ಹೆಚ್ಚು ಅಂಕ ಕೊಡಬೇಕು.

ಕೊನೆಗೊಂದು ಕೋರಿಕೆ ಇದೆ, ಇದನ್ನು ಕೇಳಲೆಂದೇ ಇವತ್ತು ಬಂದೆ ಎಂದರೂ ಸರಿಯೆ. ಪ್ರತಿವರ್ಷ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಮ್ಮ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ನಡೆಯುತ್ತದೆ. ಉತ್ತರ ಕರ್ನಾಟಕದ ರೈತರು ಲಕ್ಷಗಟ್ಟಲೆ ಬರುತ್ತಾರೆ, ಅದೂ ಹಿಂಗಾರಿ ಬಿತ್ತನೆಯ ಹೊಸ್ತಿಲಲ್ಲಿ. ಅಲ್ಲಿ ಹೊಸ ಉದ್ಯಮಗಳಿಗೆ ಒಂದು ಸಾಲು ಮಳಿಗೆ ಬಿಡಿಸಿಕೊಡಬೇಕು, ಒಂದು ಷರತ್ತಿನ ಮೇಲೆ: ಮಳಿಗೆಯಲ್ಲಿ ಬೆಲೆಯ ಬೋರ್ಡು ಇರಬೇಕು, ರಸೀದಿ ಪುಸ್ತಕ ಇರಬೇಕು. ತೋರಿಸುವುದಕ್ಕಷ್ಟೇ ಬಂದವರಿಗೆ ಬೇರೆ ಜಾಗ ಇದ್ದೇ ಇದೆ. ಮುಂಗಡ ಕೊಟ್ಟವರ, ಕೊಂಡವರ ಹೆಸರು ಊರು ಒಂದು ಪಟ್ಟಿಯಲ್ಲಿ ಬರೆದಿಟ್ಟು, ನವೆಂಬರಿನಲ್ಲಿ ಆ ಹುಡುಗ ಹುಡುಗಿಯರು ಪಟ್ಟಿ ಹಿಡಿದು ಊರೂರಿಗೆ ಹೋಗಿ, ಕೊಂಡ ವಸ್ತು ಹೊಲದಲ್ಲಿದೆಯೋ ದನದ ಕೊಟ್ಟಿಗೆಯ ಮೂಲೆಯಲ್ಲಿದೆಯೋ ನೋಡಿ ಬರಬೇಕು. ಅನುದಾನದ ನಿಯಮಗಳಲ್ಲಿ ಇಂಥ ತಿರುಗಾಟಕ್ಕೆ ಹಣ ತೆಗೆಯುವುದು ಕಷ್ಟ. ನವಲಗುಂದ, ರೋಣ, ಸವಣೂರು, ಬೈಲಹೊಂಗಲಕ್ಕೆ ಹೋಗಿಬರುವ ಬಸ್ ಖರ್ಚು ದೊಡ್ಡದೇನೂ ಆಗದು. ಈ ದತ್ತಿಯ ವರ್ಷದ ಬಡ್ಡಿಯಲ್ಲಿ ಒಂದು ಪಾಲನ್ನು ಅದಕ್ಕೆಂದು ತೆಗೆದಿಡಲು ಸಾಧ್ಯವೇ ಎಂದು ದತ್ತಿ ಇಟ್ಟ ಕುಟುಂಬದ ಹಿರಿಯರನ್ನು ಈ ಸಭೆಯಲ್ಲಿಯೇ ಕೇಳಿಕೊಳ್ಳುತ್ತೇನೆ.